ಜೋಳದ ಮನೆಗೆ ರಾಗಿಯ ಫೋನು

ನಿವೃತ್ತಿ ಎಂದರೆ ಅರವತ್ತಾಗಿರಬೇಕು ಎಂದು ಯಾವ ಕಾನೂನಿನಲ್ಲಿದೆ? ನಾನು ಮಹಿಳಾ ಸಹಾಯ ಕೇಂದ್ರದ ಕೆಲಸ ಬಿಟ್ಟಾಗ ತಲೆಯಲ್ಲಿ ಬೆರಳೆಣಿಕೆಯ ಬಿಳಿ ಕೂದಲಿದ್ದವು, ಅವಕ್ಕೂ ಕಾರಣ ವಯಸ್ಸಲ್ಲ, ಕಂಪ್ಯೂಟರು. ಆದರೂ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೊ ತೆಗೆದರು. ಇಷ್ಟೆಲ್ಲ ಆದ ಮೇಲೂ ಅದು ನಿವೃತ್ತಿಯಲ್ಲ ಎಂದು ವಾದಿಸುವವರಿದ್ದರೆ ಬರಲಿ, ನಾನು ತಯಾರಿದ್ದೇನೆ. ಈಗ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ, ಸಂಜೆ ವಿದ್ಯಾರ್ಥಿಗಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತೇನೆ. ಮನೆಯಲ್ಲಿ ನನ್ನೊಡನೆ ಯಾರೂ ವಾದಕ್ಕಿಳಿಯುವುದಿಲ್ಲವಾದ್ದರಿಂದ ಜೀವನ ನೆಮ್ಮದಿಯಾಗಿದೆ.

ಕೇಂದ್ರಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಮೊನ್ನೆ ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತ ಒಬ್ಬಳು ಕೇಳಿದಳು: "ಮೇಡಂ, ನೀವಿದ್ದಾಗ ಯಾವ ಸಾಫ್ಟ್‌ವೇರ್ ಇತ್ತು?"

"ರಂಗಣ್ಣನ ಗಿರಣಿ" ಅಂದೆ.

ಇಬ್ಬರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಆದರೆ ವಿವರಿಸಲು ಕಾಫಿ ಮುಗಿಯುವಷ್ಟು ಹೊತ್ತು ಸಾಲದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕೇಂದ್ರ ಇದ್ದದ್ದು ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ. ಬಾಡಿಗೆ ಕಡಿಮೆ ಎಂದು ಕೇಂದ್ರ ನಡೆಸುತ್ತಿದ್ದ ಟ್ರಸ್ಟಿನವರು ಹಿಡಿದ ಜಾಗ. ಗಿರಣಿ ಓಡುವಾಗ ಮೇಜು ನಡುಗುತ್ತಿತ್ತು, ಲೋಟದ ನೀರು ನಡುಗುತ್ತಿತ್ತು, ಕಿಟಕಿಯ ಅಂಚಿನಲ್ಲಿ ಸದಾ ಒಂದು ಪದರ ಹಿಟ್ಟು. ಸೇರಿದ ದಿನ ನನಗನ್ನಿಸಿದ್ದು, ಗಂಡ ಹೊಡೆಯುತ್ತಾನೆ ಎಂದು ಹೇಳಿಕೊಳ್ಳಲು ಬರುವ ಹೆಂಗಸಿಗೆ ಇದಕ್ಕಿಂತ ಕೆಟ್ಟ ಜಾಗ ಇರಲಾರದು ಎಂದು. ಒಂದು ವಾರದಲ್ಲಿ ಅಭಿಪ್ರಾಯ ಬದಲಾಯಿತು. ಗಿರಣಿ ಓಡುತ್ತಿದ್ದರೆ ಹೆಂಗಸರು ಮಾತಾಡುತ್ತಿದ್ದರು. ಪಕ್ಕದ ಕುರ್ಚಿಯವಳಿಗೂ ಕೇಳಿಸುವುದಿಲ್ಲ ಎಂಬ ಧೈರ್ಯ. ಕರೆಂಟು ಹೋಗಿ ಗಿರಣಿ ನಿಂತರೆ ಅರ್ಧ ವಾಕ್ಯಕ್ಕೇ ಬಾಯಿ ಮುಚ್ಚುತ್ತಿದ್ದರು.

ಇನ್ನೂ ದೊಡ್ಡ ಉಪಕಾರವೆಂದರೆ ನೆಪ. ಕೈಯಲ್ಲಿ ಒಂದು ಡಬ್ಬ ರಾಗಿ ಹಿಡಿದು ಹೊರಟ ಹೆಂಗಸನ್ನು ಎಲ್ಲಿಗೆ ಎಂದು ಯಾವ ಅತ್ತೆಯೂ ಕೇಳುವುದಿಲ್ಲ. ಡಬ್ಬ ಕೆಳಗೆ ಸಾಲಿನಲ್ಲಿಟ್ಟು ಮೆಟ್ಟಿಲು ಹತ್ತಿ ಬರುತ್ತಿದ್ದರು. ಗಿರಣಿಯ ರಂಗಣ್ಣನಿಗೆ ಎಲ್ಲ ಗೊತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಯಾರಾದರೂ ಗಂಡಸು ಬಂದು "ನಮ್ಮನೆಯವಳು ಇಲ್ಲಿಗೆ ಬಂದಿದ್ಲಾ" ಎಂದು ವಿಚಾರಿಸಿದರೆ ಅವರು ಮೋಟಾರು ನಿಲ್ಲಿಸುತ್ತಿದ್ದರು. ಕರೆಂಟಿದ್ದೂ ಗಿರಣಿ ನಿಂತರೆ ಮೇಲೆ ನಾವೆಲ್ಲ ಮಾತು ನಿಲ್ಲಿಸಬೇಕು. ಇದು ಕೇಂದ್ರದ ಮೊದಲ ನಿಯಮ, ಎಲ್ಲೂ ಬರೆದಿರಲಿಲ್ಲ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಸುಲೋಚನಮ್ಮ. ಕೇಂದ್ರದ ಹಿರಿಯ ಸಲಹೆಗಾರ್ತಿ, ಮೊದಲು ಶಾಲೆಯಲ್ಲಿ ಮೇಡಂ ಆಗಿದ್ದವರು. ನಾನು ಸಂದರ್ಶನಕ್ಕೆ ಚರ್ಚಾಸ್ಪರ್ಧೆಯ ಸರ್ಟಿಫಿಕೇಟುಗಳ ಕಟ್ಟು ಹೊತ್ತುಕೊಂಡೇ ಹೋಗಿದ್ದೆ.

"ಪರ ಮಾತಾಡ್ತಿದ್ಯೋ ವಿರೋಧ ಮಾತಾಡ್ತಿದ್ಯೋ?" ಎಂದು ಕೇಳಿದರು.

"ಚೀಟಿ ಎತ್ತಿದಾಗ ಯಾವ್ದು ಬರುತ್ತೋ ಅದು, ಮೇಡಂ."

"ಇಲ್ಲಿ ಚೀಟಿ ಎತ್ತಲ್ಲ. ಸುಮ್ನೆ ಕೂತು ಕೇಳ್ಬೇಕು. ಆಗುತ್ತಾ?"

"ಆಗುತ್ತೆ ಮೇಡಂ. ಯಾಕಂದ್ರೆ..."

"ಆಗಲ್ಲ ಅನ್ಸುತ್ತೆ. ಆದ್ರೂ ಸೋಮವಾರ ಬಾ."

ಅಂದಿನಿಂದ ನನಗೆ ಲಾಯರಮ್ಮ ಎಂದೇ ಹೆಸರು. ಕಾನೂನು ಓದಿದವಳಲ್ಲ, ಆದರೂ ಅಂಟಿಕೊಂಡಿತು. ಸೇರಿದ ಹೊಸತರಲ್ಲಿ ಒಂದು ಪೊಲೀಸ್ ಠಾಣೆಗೆ ಹೋಗಿ, ದೂರು ಬರೆದುಕೊಳ್ಳುವುದಿಲ್ಲ ಎಂದ ಹೆಡ್ ಕಾನ್‌ಸ್ಟೇಬಲ್ ಜೊತೆ ವಾದಕ್ಕೆ ನಿಂತೆ. ಅವರ ಒಂದೊಂದು ಮಾತಿಗೂ ನನ್ನಲ್ಲಿ ಉತ್ತರವಿತ್ತು. ಕೊನೆಗೆ ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟು, "ನೀವೇ ಗೆದ್ರಿ ಬಿಡಮ್ಮ. ಈಗ ಆ ಬೆಂಚಲ್ಲಿ ಕೂತ್ಕೊಳ್ಳಿ, ಸಾಹೇಬ್ರು ಬರ್ಲಿ" ಅಂದರು. ಸಾಹೇಬರು ಸಂಜೆ ಬಂದರು. ಗೆದ್ದವಳು ಮಧ್ಯಾಹ್ನದ ಊಟವಿಲ್ಲದೆ ಕೂತಿದ್ದಳು, ಜೊತೆಯಲ್ಲಿ ದೂರು ಕೊಡಲು ಬಂದವಳೂ. ಮರುದಿನ ಸುಲೋಚನಮ್ಮ ಅದೇ ಠಾಣೆಗೆ ಹೋಗಿ, ಹೆಡ್ ಕಾನ್‌ಸ್ಟೇಬಲ್ಲರ ಮಗಳ ಓದಿನ ಬಗ್ಗೆ ವಿಚಾರಿಸಿ, ದೂರು ಬರೆಸಿ, ಚಹಾ ಕುಡಿದು ಬಂದರು. ಅದು ಸರಿಯಾದ ವ್ಯವಸ್ಥೆಯಲ್ಲ ಎಂದು ನಾನು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ಆದರೆ ದೂರು ದಾಖಲಾದದ್ದು ಅವರಿಂದ.

ಫೋನಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಕೆಲಸದ ಕಷ್ಟವೆಲ್ಲ ಅಲ್ಲಿದೆ. ಆಗ ಎಲ್ಲರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಹೆಂಗಸರು ಕೊಡುತ್ತಿದ್ದದ್ದು ಪಿ.ಪಿ. ನಂಬರು. ಎಂದರೆ ಮನೆ ಓನರದ್ದೋ, ಪಕ್ಕದ ಮನೆಯವರದ್ದೋ, ಬೀದಿ ಕೊನೆಯ ಅಂಗಡಿಯದ್ದೋ ಫೋನು. ಅಲ್ಲಿಗೆ ಮಾಡಿ "ಇಂಥವರನ್ನ ಸ್ವಲ್ಪ ಕರೀತೀರಾ" ಎಂದು ಕೇಳಬೇಕು. ಕರೆದಾಗ ಯಾರು ಬರುತ್ತಾರೆ ಎಂದು ಹೇಳಲಾಗದು. ಹಾಗಾಗಿ ನಾವು ಮಹಿಳಾ ಸಹಾಯ ಕೇಂದ್ರದಿಂದ ಎಂದು ಬಾಯಿ ತಪ್ಪಿಯೂ ಹೇಳುತ್ತಿರಲಿಲ್ಲ. "ಗಿರಣಿಯಿಂದ ಮಾತಾಡ್ತಾ ಇರೋದು. ನಿಮ್ಮ ರಾಗಿ ಹಿಟ್ಟಾಗಿದೆ, ಬಂದು ತಗೊಂಡು ಹೋಗಿ" ಅನ್ನುತ್ತಿದ್ದೆವು. ಅವಳಿಗೆ ಅರ್ಥವಾಗುತ್ತಿತ್ತು. ಬೇರೆ ಯಾರು ಕೇಳಿಸಿಕೊಂಡರೂ ಹಿಟ್ಟು ಹಿಟ್ಟೇ.

ಯಾರ ಮನೆಗೆ ಯಾವಾಗ ಫೋನ್ ಮಾಡಬೇಕು, ಎತ್ತುವವರು ಯಾರು, ಏನು ಹೇಳಬೇಕು ಎಂಬುದೆಲ್ಲ ಸುಲೋಚನಮ್ಮನ ತಲೆಯಲ್ಲಿತ್ತು, ಕಾರ್ಡಿನಲ್ಲಿ ಅವರಿಗಷ್ಟೇ ಅರ್ಥವಾಗುವ ಎರಡು ಮೂರು ಪದ. ಇದು ತಪ್ಪು ಎಂದು ಅವರಿಗೆ ಎದುರಿಗೇ ಹೇಳಿದೆ. "ನಿಮಗೆ ಜ್ವರ ಬಂದ್ರೆ ಕೇಂದ್ರಕ್ಕೇ ಜ್ವರ ಬಂದ ಹಾಗೆ" ಅಂದೆ. ಅವರು, "ನನಗೆ ಜ್ವರ ಬರಲ್ಲ" ಅಂದರು. ವಾದದಲ್ಲಿ ಇಂಥ ಉತ್ತರಕ್ಕೆ ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.

ಹೀಗಿರುವಾಗ ಕಂಪ್ಯೂಟರು ಬಂತು. ಟ್ರಸ್ಟಿನ ಮುಖ್ಯ ಕಚೇರಿಯಿಂದ ಅದರ ಜೊತೆ ಪ್ರಕಾಶ್ ಎಂಬವರು ಬಂದರು. ಮೃದು ಮಾತಿನ ಮನುಷ್ಯ, ಏನು ಕೇಳಿದರೂ "ಕಾಲಂ ಹಾಕ್ಬೋದು ಮೇಡಂ" ಅನ್ನುವವರು. ಗಿರಣಿಯ ಹಿಟ್ಟು ಒಳಗೆ ಹೋಗದಿರಲೆಂದು ಕಂಪ್ಯೂಟರಿಗೆ ಹೂವಿನ ಚಿತ್ತಾರದ ಬಟ್ಟೆಯ ಹೊದಿಕೆ ಹೊಲಿಸಿದೆವು, ಆಯುಧಪೂಜೆಗೆ ಕುಂಕುಮ ಇಟ್ಟೆವು. ಟ್ರಸ್ಟಿಗೆ ಕೆಂಗೇರಿಯಲ್ಲಿ ಇನ್ನೊಂದು ಕಚೇರಿಯಿತ್ತು. ತಂಗುಮನೆ ಮತ್ತು ವಕೀಲರು ಇದ್ದದ್ದು ಅಲ್ಲಿ. ನಮ್ಮ ಮಾಹಿತಿ ಅವರಿಗೂ ಸಿಗಬೇಕು ಎಂಬುದು ಹೊಸ ಆಜ್ಞೆ. ಮೊದಮೊದಲು ಡೇಟಾ ಶೇರಿಂಗ್ ಎಂದರೆ ಫ್ಲಾಪಿಯನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಕೆಂಗೇರಿಯ ಬಸ್ಸು ಹತ್ತುವುದು. ಒಮ್ಮೆ ಅದರ ಮೇಲೆ ಮೊಸರನ್ನ ಚೆಲ್ಲಿ ಒಂದು ವಾರದ ಮಾಹಿತಿ ಹುಳಿಯಾಯಿತು. ಆಮೇಲೆ ಇಂಟರ್ನೆಟ್ ಬಂದು ಆ ತಾಪತ್ರಯ ತಪ್ಪಿತು.

ಮೊದಲ ಎಡವಟ್ಟು ನಗುವಂಥದ್ದು. ನಮ್ಮ ಕಾರ್ಡುಗಳಲ್ಲಿ ಹೆಸರಿನ ಪಕ್ಕ ಸುಲೋಚನಮ್ಮ "ಗಿರಣಿ" ಎಂದು ಬರೆದಿರುತ್ತಿದ್ದರು. ಈಕೆಗೆ ಗಿರಣಿಯ ಹೆಸರಲ್ಲಿ ಫೋನ್ ಮಾಡಿ ಎಂದು ಅದರ ಅರ್ಥ. ಟೈಪ್ ಮಾಡಲು ಬಂದವರು ಅದನ್ನು ಉದ್ಯೋಗದ ಕಾಲಮ್ಮಿಗೆ ಹಾಕಿದರು. ವರ್ಷದ ವರದಿ ಹೋದ ಮೇಲೆ ಮುಖ್ಯ ಕಚೇರಿಯಿಂದ ಒಬ್ಬ ಅಧಿಕಾರಿ ಬಂದು, ಪಶ್ಚಿಮ ಬೆಂಗಳೂರಿನಲ್ಲಿ ಇಷ್ಟೊಂದು ಗಿರಣಿ ಕಾರ್ಮಿಕ ಮಹಿಳೆಯರಿರುವುದು ತಮಗೆ ತಿಳಿದೇ ಇರಲಿಲ್ಲವೆಂದೂ, ಅವರ ಶ್ವಾಸಕೋಶಕ್ಕಾಗಿ ಒಂದು ಶಿಬಿರ ಮಾಡೋಣವೆಂದೂ ಹೇಳಿದರು. ಸುಲೋಚನಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ರಂಗಣ್ಣನಿಗೆ ಹೇಳಿದಾಗ, "ಇಲ್ಲಿ ದುಡಿಯೋನು ನಾನೊಬ್ನೇ. ಶಿಬಿರ ನನಗೇ ಮಾಡ್ಸಿ" ಅಂದರು.

ಪ್ರಕಾಶ್ ನಾಚಿಕೊಂಡು ಸರಿಪಡಿಸಿದರು. ಹೊಸ ಕಾಲಂ ಬಂತು: "ಗಿರಣಿ ಕರೆ". ಅದರ ಮುಂದೆ ಒಂದು ಚೌಕ, ಬೇಕಾದರೆ ಟಿಕ್ ಮಾಡುವುದು. ಟಿಕ್ ಇದ್ದವರಿಗೆ ಕೆಂಗೇರಿಯವರೂ ಗಿರಣಿಯ ಹೆಸರಲ್ಲೇ ಫೋನ್ ಮಾಡಬೇಕು. ಅವರಿಗೆ ವಾಕ್ಯವನ್ನೂ ಕಲಿಸಿದೆವು. ಚೊಕ್ಕ ಪರಿಹಾರ ಎಂದು ಎಲ್ಲರಿಗೂ ಅನ್ನಿಸಿತು. ನನಗೂ. ಎರಡನೆಯ ಎಡವಟ್ಟು ಹುಟ್ಟಿದ್ದು ಅದೇ ಚೌಕದಿಂದ.

ಗಂಗವ್ವನನ್ನು ಪರಿಚಯಿಸಬೇಕು. ಉತ್ತರ ಕರ್ನಾಟಕದಿಂದ ಬಂದು ಬಾಪೂಜಿ ನಗರದ ವಠಾರವೊಂದರಲ್ಲಿ ಮನೆ ಮಾಡಿದ್ದವಳು. ರಾಜಾಜಿನಗರದಲ್ಲಿ ಊದುಬತ್ತಿ ಪ್ಯಾಕ್ ಮಾಡುವ ಕೆಲಸ, ಹತ್ತಿರ ಕೂತರೆ ಗಂಧದ ವಾಸನೆ. ಮಗಳು ರೇಣುಕಾ ಹೈಸ್ಕೂಲಿಗೆ ಕಾಲಿಟ್ಟಿದ್ದಳು. ಗಂಡ ಮಲ್ಲಪ್ಪ ಸೆಂಟ್ರಿಂಗ್ ಕೆಲಸದವನು. ಗಂಗವ್ವನ ಎಡಗೈ ಪೂರ್ತಿ ಮಡಚಲು ಬರುತ್ತಿರಲಿಲ್ಲ, ಅದು ಅವನ ಕೆಲಸ. ರಂಗಣ್ಣನ ಗಿರಣಿಯಲ್ಲಿ ಜೋಳ ಬೀಸಲು ಬೇರೆಯೇ ಕಲ್ಲು ಇತ್ತು, ಅದಕ್ಕಾಗಿ ಆ ಕಡೆಯ ಜನ ದೂರದಿಂದಲೂ ಬರುತ್ತಿದ್ದರು. ಗಂಗವ್ವ ಕೆಲಸಕ್ಕೆ ಹೋಗುವಾಗ ಜೋಳದ ಡಬ್ಬ ಇಟ್ಟು, ಊಟದ ಬಿಡುವಿನಲ್ಲಿ ಬಂದು ಮೆಟ್ಟಿಲು ಹತ್ತುತ್ತಿದ್ದಳು.

ಕೌಟುಂಬಿಕ ಹಿಂಸೆಯ ಹೊಸ ಕಾಯ್ದೆ ಬಂದಿದ್ದ ಕಾಲ. ಮನೆಯಲ್ಲೇ ಇರುವ ಹಕ್ಕು, ಗಂಡ ಹತ್ತಿರ ಬರಬಾರದೆಂಬ ಆದೇಶ, ಮಗಳು ತನ್ನ ಬಳಿಯೇ ಇರಬೇಕು. ಗಂಗವ್ವ ಕೇಳಿದ್ದು ಇಷ್ಟು. ಕೆಂಗೇರಿಯ ವಕೀಲರು ಅರ್ಜಿ ತಯಾರು ಮಾಡುತ್ತಿದ್ದರು. ಅದು ನ್ಯಾಯಾಲಯಕ್ಕೆ ಹೋಗುವವರೆಗೆ ಮಲ್ಲಪ್ಪನಿಗೆ ಸುಳಿವು ಸಿಗಬಾರದಿತ್ತು. ಯಾಕೆಂದರೆ ಅವನು ಮೊದಲೇ ಹೇಳಿದ್ದ: ಎಲ್ಲಾದರೂ ಬಾಯಿಬಿಟ್ಟೆ ಎಂದು ಗೊತ್ತಾದರೆ ರೇಣುಕಾಳನ್ನು ಶಾಲೆ ಬಿಡಿಸಿ ಊರಲ್ಲಿ ತನ್ನ ತಾಯಿಯ ಬಳಿ ಬಿಟ್ಟು ಬರುತ್ತೇನೆ, ಆಮೇಲೆ ಮಗಳ ಮುಖ ನೋಡುವುದು ಮರೆತುಬಿಡು.

ಆ ದಿನ ಗಂಗವ್ವ ಅರ್ಜಿಯ ಕರಡಿನ ಬಗ್ಗೆ ಮಾತಾಡಲು ನಮ್ಮಲ್ಲಿಗೆ ಬಂದಿದ್ದಳು. ಡಬ್ಬ ಕೆಳಗೆ ಸಾಲಿನಲ್ಲಿತ್ತು. ಮಾತು ಶುರುವಾಗಿತ್ತಷ್ಟೆ, ಗಿರಣಿ ನಿಂತಿತು. ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಕರೆಂಟು ಹೋಗಿಲ್ಲ. ನಾವು ಬಾಯಿ ಮುಚ್ಚಿದೆವು. ಕೆಳಗಿನ ಮಾತು ತೆರೆದ ಕಿಟಕಿಯಿಂದ ನೇರ ಒಳಗೆ ಬರುತ್ತಿತ್ತು.

"ಏನ್ರೀ, ನಮ್ಮ ಮನೀಗೆ ಫೋನ್ ಮಾಡಿದ್ರಂತಲ್ಲ, ರಾಗಿ ಹಿಟ್ಟಾಗೇತಿ ಅಂತ?"

ಗಂಗವ್ವನ ಮುಖ ನೋಡಿದೆ. ಕೇಳಬೇಕಾಗಿಯೇ ಇರಲಿಲ್ಲ.

"ಯಾರ್ ಮನೆ ಸ್ವಾಮಿ?" ಅಂದರು ರಂಗಣ್ಣ.

"ಬಾಪೂಜಿ ನಗರ. ಗಂಗವ್ವನ ಗಂಡ ನಾ. ಬೆಳಿಗ್ಗೆ ಓನರ್ ಆಂಟಿ ಕರದ್ರು, ಅಕಿ ಕೆಲಸಕ್ಕ ಹೋಗಿದ್ಲು, ನಾನ ಹೋಗಿ ಫೋನ್ ಹಿಡದೆ. ನಮ್ಮ ಮನ್ಯಾಗ ರಾಗಿ ತಿನ್ನೋರು ಯಾರದಾರ್ರಿ? ಹುಟ್ಟಿದಾಗಿಂದ ರೊಟ್ಟಿ ತಿಂದೋರು ನಾವು. ಇದೇನ್ ಆಟ ನಡಸೀರಿ?"

ಏನಾಗಿದೆ ಎಂದು ನನಗೆ ಆ ಕ್ಷಣಕ್ಕೇ ಹೊಳೆಯಿತು. ಕೆಂಗೇರಿಯಿಂದ ಯಾರೋ ಅರ್ಜಿಯ ಕೆಲಸಕ್ಕೆ ಗಂಗವ್ವನನ್ನು ಕರೆಯಲು ಫೋನ್ ಮಾಡಿದ್ದಾರೆ. ಪರದೆಯಲ್ಲಿ ನಂಬರಿದೆ, ಟಿಕ್ ಇದೆ. ಕಲಿಸಿದ ವಾಕ್ಯ ಹೇಳಿದ್ದಾರೆ. ಸುಲೋಚನಮ್ಮನ ಕಾರ್ಡಿನಲ್ಲಿ ಗಂಗವ್ವನ ಹೆಸರಿನ ಪಕ್ಕ ಇದ್ದದ್ದು "ಗಿರಣಿ, ಜೋಳ, ಮಧ್ಯಾಹ್ನದ ಮೇಲೆ". ಮಧ್ಯಾಹ್ನದ ಮೇಲೆ ಎಂದರೆ ಅವಳು ಕೆಲಸ ಮುಗಿಸಿ ಬಂದು, ಮಲ್ಲಪ್ಪ ಇನ್ನೂ ಬಾರದ ಹೊತ್ತು. ಚೌಕದಲ್ಲಿ ಉಳಿದದ್ದು ಗಿರಣಿ ಮಾತ್ರ.

ನಾನು ಎದ್ದೆ. ಕೆಳಗೆ ಹೋಗಿ ಅವನಿಗೆ ಏನೇನು ಹೇಳಬೇಕೆಂದು ಪೀಠಿಕೆಯಿಂದ ಹಿಡಿದು ಎಲ್ಲ ತಲೆಯಲ್ಲಿ ಜೋಡಿಸಿಯಾಗಿತ್ತು. ಸುಲೋಚನಮ್ಮ ನನ್ನ ಮಣಿಕಟ್ಟು ಹಿಡಿದು ಕೂರಿಸಿದರು. "ಕೂತ್ಕೋ ಲಾಯರಮ್ಮ" ಎಂದು ಕಿವಿಯಲ್ಲಿ ಹೇಳಿದರು, "ನೀನು ಗೆದ್ರೆ ಇವಳು ಸೋತ್ಲು."

ಕೆಳಗೆ ರಂಗಣ್ಣ ಸ್ವಲ್ಪವೂ ಅವಸರ ಮಾಡಲಿಲ್ಲ. "ಅಯ್ಯೋ, ರಾಗಿ ಅಂದ್ಲಾ? ಫೋನ್ ಮಾಡೋ ಹುಡುಗಿ ಹೊಸಬಳು ಸ್ವಾಮಿ. ಮಹಾಲಕ್ಷ್ಮಿ ಲೇಔಟಿನವರಿಗೂ ರಾಗಿ ಅಂತಾಳೆ, ಮಾರ್ವಾಡಿಗಳ ಮನೆಗೂ ರಾಗಿ ಅಂತಾಳೆ. ಗೋಧಿ ಕೊಟ್ಟೋರು ಬೆಳಿಗ್ಗೆಯಿಂದ ಬಂದು ನನ್ನ ಬೈದು ಹೋದ್ರು. ನಿಮ್ದು ಜೋಳ. ನೋಡಿ, ಈ ಡಬ್ಬ ಅಲ್ವಾ?"

ಡಬ್ಬ ಸಿಮೆಂಟಿನ ಮೇಲೆ ಸರಿದ ಸದ್ದು.

"ಹೂಂ, ನಮ್ದ ಡಬ್ಬಿ." ಅವನ ದನಿ ಒಂದು ಮೆಟ್ಟಿಲು ಇಳಿದಿತ್ತು. "ಹಿಟ್ಟಾಗೇ ಇಲ್ಲಲ್ಲ?"

"ಅದನ್ನೇ ಹೇಳಿದ್ದು, ಆ ಹುಡುಗಿಗೆ ಏನೂ ಗೊತ್ತಾಗಲ್ಲ ಅಂತ. ಬಂದಿದೀರಲ್ಲ, ಕೂತ್ಕೊಳ್ಳಿ, ಈಗ್ಲೇ ಬೀಸ್ಕೊಡ್ತೀನಿ. ಕಲ್ಲು ಒಂಚೂರು ಒರೆಸ್ಬೇಕು. ಜೋಳದ ಹಿಟ್ಟಿಗೆ ಬೇರೆ ಹಿಟ್ಟು ಸೇರಿದ್ರೆ ರೊಟ್ಟಿ ಹರಿಯುತ್ತೆ, ನಿಮಗೆ ನಾನು ಹೇಳ್ಬೇಕಾ?"

"ಅಕಿ ಎಲ್ಲಿ?"

"ಯಾರು, ನಿಮ್ಮನೆಯವ್ರಾ? ಡಬ್ಬ ಇಟ್ಟು ಹೋದ್ರಪ್ಪ, ಕೆಲಸಕ್ಕೆ ಅಂತ."

ಮೋಟಾರು ಶುರುವಾಯಿತು. ಮೇಜು ನಡುಗಿತು. ನಾವು ಗಂಗವ್ವನನ್ನು ಹಿಂದಿನ ಮೆಟ್ಟಿಲಿನಿಂದ ಇಳಿಸಿದೆವು. ಅವಳು ಸೀರೆಯ ನಿರಿಗೆ ಎತ್ತಿ ಹಿಡಿದು ಓಣಿ ದಾಟಿ ಮರೆಯಾದಳು. ರಂಗಣ್ಣ ಆ ಒಂದು ಡಬ್ಬ ಜೋಳವನ್ನು ಬೀಸಿದಷ್ಟು ನಿಧಾನವಾಗಿ ಇನ್ನಾರದ್ದನ್ನೂ ಬೀಸಿದ್ದನ್ನು ನಾನು ಕಂಡಿಲ್ಲ. ಮಲ್ಲಪ್ಪ ಹಿಟ್ಟು ಹೊತ್ತು ನೇರ ಊದುಬತ್ತಿ ಕಾರ್ಖಾನೆಯ ಗೇಟಿಗೇ ಹೋದನಂತೆ. ಗಂಗವ್ವ ಒಳಗಿನಿಂದ ಬಂದು, "ಏನು, ಹಿಟ್ಟು ತಂದೀಯಾ? ಛಲೋ ಆತು, ನನಗ ಹೊರೋದು ತಪ್ಪಿತು" ಅಂದಳಂತೆ. ಅವನು ಡಬ್ಬ ಮನೆಗೆ ಒಯ್ದ.

ಮರುದಿನ ಎರಡೂ ಕಚೇರಿಗಳ ಸಭೆ ಸೇರಿತು. ಫೋನ್ ಮಾಡಿದವರು ಕೆಂಗೇರಿಯ ನಾಗರತ್ನ. ಅತ್ತು ಅತ್ತು ಕಣ್ಣು ಕೆಂಪಗಿತ್ತು. "ಟಿಕ್ ಇತ್ತು ಮೇಡಂ, ಹೇಳ್ಕೊಟ್ಟಿದ್ದನ್ನೇ ಹೇಳಿದೆ" ಅಂದರು. ಅದು ಪೂರ್ತಿ ನಿಜ. ಅವರದೇನೂ ತಪ್ಪಿರಲಿಲ್ಲ.

ಪ್ರಕಾಶ್ ಗಂಟಲು ಸರಿಮಾಡಿಕೊಂಡರು. "ಮೇಡಂ, ಇನ್ನೊಂದು ಕಾಲಂ ಹಾಕ್ಬೋದು. ಧಾನ್ಯ ಅಂತ. ರಾಗಿ, ಜೋಳ, ಗೋಧಿ, ಅಕ್ಕಿ."

"ನಾಳೆ ಯಾರಾದ್ರೂ ಸಜ್ಜೆ ತಂದ್ರೆ?" ಅಂದೆ.

"ಇತರೆ ಅಂತ ಹಾಕ್ತೀನಿ."

"ನಿಮ್ಮ ಇತರೆ ಹಿಟ್ಟಾಗಿದೆ, ಬಂದು ತಗೊಂಡು ಹೋಗಿ ಅಂತ ಹೇಳೋಣ್ವಾ?"

ನಾಗರತ್ನ ಕೂಡ ನಕ್ಕುಬಿಟ್ಟರು. ಆ ನಗುವಿನ ಬಲದ ಮೇಲೆ ನಾನು ಎದ್ದು ನಿಂತೆ. ನನ್ನ ಮಟ್ಟಿಗೆ ಅದು ಜೀವನದ ಅತ್ಯುತ್ತಮ ಭಾಷಣ. ಒಬ್ಬಳ ಕಷ್ಟ ಕೇಳಿದ ಕಿವಿಯಿಂದ ಅದು ಆಚೆ ಹೋಗಕೂಡದು. ಕೆಂಗೇರಿಗೂ ಬೇಡ, ವಕೀಲರಿಗೂ ಬೇಡ, ಮುಖ್ಯ ಕಚೇರಿಗಂತೂ ಬೇಡವೇ ಬೇಡ. ಯಾರಿಗೆ ಏನು ಬೇಕೋ ಅವರು ಅವಳನ್ನೇ ಕೇಳಲಿ. ಮಾಹಿತಿ ಹಂಚಿದಷ್ಟೂ ಅಪಾಯ ಹಂಚಿದಂತೆ. ಪ್ರಕಾಶ್ ತಲೆ ತಗ್ಗಿಸಿ ಕೂತರು. ಕಂಪ್ಯೂಟರನ್ನು ಕಂಡರಾಗದ ಸುಲೋಚನಮ್ಮ ಚಪ್ಪಾಳೆ ತಟ್ಟುತ್ತಾರೆಂದುಕೊಂಡಿದ್ದೆ.

ಅವರು ಕನ್ನಡಕ ಒರೆಸಿಕೊಂಡು, "ಚೆನ್ನಾಗಿ ಹೇಳ್ದೆ ಕಣೇ. ಗಂಗವ್ವನ್ನ ಕೇಳಿದ್ಯಾ?" ಅಂದರು.

ಗಂಗವ್ವ ಮಾರನೆಯ ದಿನ ಬಂದಳು, ಖಾಲಿ ಡಬ್ಬದ ಜೊತೆ. ರಂಗಣ್ಣ ಅದರಲ್ಲಿ ತಮ್ಮದೇ ಜೋಳ ತುಂಬಿ ಸಾಲಿನಲ್ಲಿಟ್ಟರು. ನಾನು ನನ್ನ ವಾದವನ್ನು ಅವಳ ಮುಂದೆ ಇನ್ನೊಮ್ಮೆ ಸರಳವಾಗಿ ಮಂಡಿಸಿದೆ. ಇನ್ನು ಮೇಲೆ ನಿನ್ನ ವಿಷಯ ಈ ಕೋಣೆ ಬಿಟ್ಟು ಎಲ್ಲೂ ಹೋಗುವುದಿಲ್ಲ ಅಂದೆ. ಸಮಾಧಾನಪಡುತ್ತಾಳೆ ಅಂದುಕೊಂಡರೆ ಅವಳಿಗೆ ಸಿಟ್ಟೇ ಬಂತು.

"ಹಂಗಂದ್ರ ಮತ್ತ ನಾನ ಎಲ್ಲಾರ ಮುಂದ ಮೊದಲಿಂದ ಹೇಳ್ಬೇಕೇನ್ರಿ ಅಕ್ಕಾರ? ಠಾಣೇದಾಗ ಹೇಳೀನಿ, ದವಾಖಾನ್ಯಾಗ ಹೇಳೀನಿ, ನಿಮ್ಮ ಮುಂದ ಹೇಳೀನಿ, ವಕೀಲ್ರ ಮುಂದ ಹೇಳೀನಿ. ಹೋದಲ್ಲೆಲ್ಲಾ ಲಗ್ನದಿಂದ ಹೇಳು ಅಂತಾರ. ಹೇಳಿದಾಗೊಮ್ಮೆ ಮತ್ತ ಬಡಿಸ್ಕೊಂಡಂಗ ಆಕ್ಕೇತ್ರಿ. ಬರದದ್ದು ಐತಲ್ಲ, ಅದನ್ನ ಕಳಸ್ರಿ. ಫೋನ್ ಮಾತ್ರ ನೀವ ಮಾಡ್ರಿ. ನನಗ ಬ್ಯಾರೇದವ್ರ ದನಿ ಗೊತ್ತಾಗಂಗಿಲ್ಲ."

ಪ್ರತಿಪಕ್ಷದ ವಾದ ಇಷ್ಟು ಚೊಕ್ಕವಾಗಿ ಬಂದಾಗ ತೀರ್ಪುಗಾರರು ಏನು ಬರೆದುಕೊಳ್ಳುತ್ತಾರೆಂದು ನನಗೆ ಗೊತ್ತು. ನನ್ನ ವಾದದಲ್ಲೂ ಹುರುಳಿತ್ತು. ನಂಬರು ಹಂಚಬಾರದಿತ್ತು. ಆದರೆ ನಂಬರು ಬೇರೆ, ಕಥೆ ಬೇರೆ ಎಂದು ವಿಂಗಡಿಸುವುದು ನಮಗಾರಿಗೂ ಹೊಳೆದಿರಲಿಲ್ಲ. ಎರಡನ್ನೂ ಒಂದೇ ಪುಟದಲ್ಲಿಟ್ಟು, ಕೊಟ್ಟರೆ ಪೂರ್ತಿ, ಇಲ್ಲದಿದ್ದರೆ ಇಲ್ಲ ಎಂದು ಕೂತಿದ್ದೆವು.

"ಏನ್ ಬರದೀರಿ ನನಗ ಓದಿ ಹೇಳ್ರಿ ಮೊದಲ" ಅಂದಳು ಗಂಗವ್ವ.

ಯಾವ ಹೆಂಗಸೂ ಅಲ್ಲಿಯವರೆಗೆ ಹಾಗೆ ಕೇಳಿರಲಿಲ್ಲ, ನಾವೂ ತೋರಿಸಿರಲಿಲ್ಲ. ಪ್ರಕಾಶ್ ಹೂವಿನ ಹೊದಿಕೆ ಸರಿಸಿ, ಕುರ್ಚಿ ಎಳೆದು ಅವಳನ್ನು ಪರದೆಯ ಮುಂದೆ ಕೂರಿಸಿದರು. ನಾನು ಓದುತ್ತ ಹೋದೆ. ಹೆಸರು, ಊರು, ಮಗಳು, ಕೈಗೆ ಆದ ಗಾಯ. ಎಲ್ಲದಕ್ಕೂ ಅವಳು "ಹೌದ್ರಿ, ಹೌದ್ರಿ" ಎಂದು ತಲೆಯಾಡಿಸಿದಳು. ಹಿಂಸೆಗೆ ಕಾರಣ ಎಂಬ ಸಾಲಿಗೆ ಬಂದೆ. "ಗಂಡನ ಕುಡಿತ" ಎಂದಿತ್ತು.

"ಅಂವ ಕುಡಿಯೂದಿಲ್ರಿ."

"ಏನಂದೆ?"

"ಒಂದ್ ಹನಿ ಮುಟ್ಟೂದಿಲ್ಲ. ಕೊರಳಾಗ ಲಿಂಗ ಐತಿ, ದಿನಾ ಪೂಜಿ ಮಾಡ್ತಾನ. ಕುಡೀದ ಬಡೀತಾನ್ರಿ ಅಂವ. ಕುಡದಿದ್ರ ನಶಾ ಇಳದ ಮ್ಯಾಲ ಬಿಡ್ತಿದ್ದ ಅಂತ ನಾನ ಎಷ್ಟೋ ಸಲ ಅನ್ಕೊಂಡೀನಿ."

ಪ್ರಕಾಶ್ ಪರದೆಯನ್ನೇ ನೋಡುತ್ತ, ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು ಕುಡಿತ, ಏನೂ ಆರಿಸದಿದ್ದರೆ ತಾನಾಗಿಯೇ ಅದೇ ಬರುತ್ತದೆ ಎಂದರು. ನಾನು ಕೆಂಗೇರಿಗೆ ಫೋನ್ ಮಾಡಿದೆ. ವಕೀಲರ ಕರಡು ಅರ್ಜಿಯಲ್ಲಿ, ನಮ್ಮ ಮಾಹಿತಿಯನ್ನೇ ನಂಬಿ, ಮಲ್ಲಪ್ಪ ಪ್ರತಿದಿನ ಕುಡಿದು ಬಂದು ಹೊಡೆಯುತ್ತಾನೆ ಎಂದಿತ್ತು. ಎದುರು ಪಕ್ಷದಲ್ಲಿ ನಾನೇ ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಈ ಮನುಷ್ಯ ಕುಡಿಯುವುದಿಲ್ಲ ಎನ್ನಲು ಇಡೀ ವಠಾರವನ್ನೇ ಸಾಕ್ಷಿಗೆ ಕರೆಸುತ್ತಿದ್ದೆ. ಇದು ಸುಳ್ಳಾದರೆ ಉಳಿದದ್ದೂ ಸುಳ್ಳೇ ಎನ್ನುತ್ತಿದ್ದೆ. ಮಡಚಲಾಗದ ಕೈ ಕೂಡ ಸುಳ್ಳಾಗಿಬಿಡುತ್ತಿತ್ತು. ರೇಣುಕಾ ಊರಿನ ಬಸ್ಸು ಹತ್ತುತ್ತಿದ್ದಳು.

ಆ ಸಾಲನ್ನು ಗಂಗವ್ವ ಹೇಳಿದ ಹಾಗೇ ಬರೆದೆವು. ಕಾರಣದ ಮುಂದೆ ಅವಳ ಮಾತು: "ಕುಡಿಯುವುದಿಲ್ಲ. ಎದುರು ಮಾತಾಡಿದರೆ ಹೊಡೆಯುತ್ತಾನೆ, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದೀಯ ಎಂದು ಹೊಡೆಯುತ್ತಾನೆ." ಕರಡು ತಿದ್ದಿಸಿಕೊಂಡು ಅರ್ಜಿ ಹೋಯಿತು. ನಂಬರಿನ ಜಾಗದಲ್ಲಿ ಕೆಂಗೇರಿಯವರಿಗೆ ಕಾಣುವುದು "ಕೇಂದ್ರದ ಮೂಲಕ" ಎಂಬುದು ಮಾತ್ರ, ಹಾಗೆ ಪ್ರಕಾಶ್ ಮಾಡಿಕೊಟ್ಟರು. ಈ ಸಲ ಅವರು ಹೊಸ ಕಾಲಂ ಹಾಕಲಿಲ್ಲ, ಒಂದನ್ನು ಮುಚ್ಚಿದರು. ನಾಗರತ್ನ ನಮಗೆ ಹೇಳುತ್ತಿದ್ದರು, ನಾವು ಫೋನ್ ಮಾಡುತ್ತಿದ್ದೆವು. ಜೋಳ ಹಿಟ್ಟಾಗಿದೆ ಎಂದು, ಮಧ್ಯಾಹ್ನದ ಮೇಲೆ.

ಅಲ್ಲಿಂದ ಮುಂದೆ ಯಾರ ಮಾಹಿತಿ ಎಲ್ಲಿಗೆ ಹೋಗುವುದಿದ್ದರೂ ಮೊದಲು ಆಕೆ ಪರದೆಯ ಮುಂದೆ ಕೂತು ಪೂರ್ತಿ ಕೇಳಬೇಕು, ಬೇಡವೆಂದದ್ದನ್ನು ಅವಳೆದುರಿಗೇ ಅಳಿಸಬೇಕು ಎಂದಾಯಿತು. ಇದರಿಂದ ಕೆಲಸ ನಿಧಾನವಾಗುತ್ತದೆ ಎಂದು ಮುಖ್ಯ ಕಚೇರಿಯವರು ಪ್ರತಿ ವರ್ಷ ಆಕ್ಷೇಪಿಸುತ್ತಿದ್ದರು. ಪ್ರತಿ ವರ್ಷ ಸುಲೋಚನಮ್ಮ ನನ್ನನ್ನೇ ಕಳಿಸುತ್ತಿದ್ದರು. "ಹೋಗು ಲಾಯರಮ್ಮ, ಇದು ನೀನು ಗೆಲ್ಲೋ ಜಾಗ" ಅನ್ನುತ್ತಿದ್ದರು. ಗೆದ್ದು ಬರುತ್ತಿದ್ದೆ. ನನ್ನ ನಾಲಿಗೆಗೆ ಹೇಳಿ ಮಾಡಿಸಿದ ಕೆಲಸ ಅದು.

ವಿಚಾರಣೆಯ ದಿನ ನಾನೂ ಹೋಗಿದ್ದೆ. ಮಲ್ಲಪ್ಪನ ವಕೀಲರು ಅರ್ಜಿಯನ್ನು ತಿರುವಿ ಹಾಕಿ, ಕೊನೆಗೆ ಅವರೇ ಎದ್ದು, "ನನ್ನ ಕಕ್ಷಿದಾರರು ಮದ್ಯ ಮುಟ್ಟುವವರಲ್ಲ" ಎಂದರು. ನಮ್ಮ ವಕೀಲರು, "ಅದನ್ನು ನಾವು ಒಪ್ಪುತ್ತೇವೆ. ಅರ್ಜಿಯಲ್ಲೂ ಬರೆದಿದ್ದೇವೆ" ಎಂದರು. ಆ ಮನುಷ್ಯ ಅರ್ಜಿಯನ್ನು ಮಡಚಿ ಕುಳಿತರು. ಇಷ್ಟು ವರ್ಷ ವೇದಿಕೆಯ ಮೇಲೆ ಮಾತಾಡಿದ್ದೇನೆ, ಒಪ್ಪುತ್ತೇವೆ ಎನ್ನುವುದಕ್ಕೆ ಇಷ್ಟು ಬಲವಿರುವುದನ್ನು ಅಂದೇ ಕಂಡದ್ದು. ಆದೇಶ ಗಂಗವ್ವನ ಪರವಾಗಿ ಬಂತು. ಅವಳು ಅದೇ ವಠಾರದಲ್ಲಿ ಉಳಿದಳು, ಅವನು ಹೊರಗೆ ಹೋದ. ರೇಣುಕಾ ಅದೇ ಶಾಲೆಯಲ್ಲಿ ಓದು ಮುಂದುವರಿಸಿದಳು. ಓನರ್ ಆಂಟಿ ಮಾತ್ರ ಕೆಲವು ದಿನ, "ಗಂಗವ್ವ, ನಿನ್ನ ಜೋಳದೋರು ಫೋನೇ ಮಾಡ್ಲಿಲ್ವಲ್ಲ ಈ ವಾರ" ಎಂದು ವಿಚಾರಿಸುತ್ತಿದ್ದರಂತೆ.

ಕಂಪ್ಯೂಟರಿನ ಬಗ್ಗೆ ನನ್ನ ಅನುಮಾನ ಹೋಗಿಲ್ಲ. ಎಲ್ಲವನ್ನೂ ತಲೆಯಲ್ಲಿಟ್ಟುಕೊಳ್ಳುವವರ ಬಗ್ಗೆಯೂ ಹೋಗಿಲ್ಲ, ಸುಲೋಚನಮ್ಮನಿಗೆ ಒಂದು ಮಳೆಗಾಲದಲ್ಲಿ ಜ್ವರ ಬಂದೇ ಬಂತು. ಹೊಸ ಹುಡುಗಿಯರಿಗೆ ನಾನು ಹೇಳಿದ್ದು ಇಷ್ಟೆ: ಕಳಿಸುವ ಮೊದಲು ಓದಿ ಹೇಳಿ. ಅವಳು "ಹೌದ್ರಿ" ಎನ್ನುವಾಗಲೂ ಓದಿ, ಕೊನೆಯ ಸಾಲಿನವರೆಗೆ.

ನಾನು ಕೇಂದ್ರದ ಕೆಲಸ ಬಿಡುವ ಹೊತ್ತಿಗೆ ಒಮ್ಮೆ ಗಂಗವ್ವ ಬಂದಳು. ಕೈಯಲ್ಲಿ ಜೋಳದ ಡಬ್ಬ, ಡಬ್ಬದ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚದ ಹೊಸ ಮೊಬೈಲು.

"ಅಕ್ಕಾರ, ನಂಬರ್ ಬರ್ಕೊಳ್ರಿ. ಇದು ನಂದ. ಪಿ.ಪಿ. ಅಲ್ಲ. ಇನ್ನ ಹಿಟ್ಟು ಗಿಟ್ಟು ಅನಬ್ಯಾಡ್ರಿ, ಹೆಸರು ಹೇಳಿ ಮಾಡ್ರಿ."

ಕಂಪ್ಯೂಟರಿನಲ್ಲಿ ನಂಬರು ಹಾಕಿದೆ. ಗಿರಣಿ ಕರೆಯ ಮುಂದಿನ ಟಿಕ್ಕನ್ನು ಅವಳೇ ಮೌಸ್ ಹಿಡಿದು ಒತ್ತಿ ತೆಗೆದಳು. ಆಮೇಲೆ, ಸರಿಯಾಗಿ ಬರುತ್ತದೋ ಇಲ್ಲವೋ ನೋಡೋಣ, ತಾನು ಕೆಳಗೆ ನಿಲ್ಲುತ್ತೇನೆ, ನೀವು ಮೇಲಿನಿಂದ ಮಾಡಿ ಎಂದು ಹೇಳಿ ಇಳಿದು ಹೋದಳು. ಕಿಟಕಿಯಿಂದ ನೋಡಿದರೆ ಗಿರಣಿಯ ಮುಂದೆ ಮೊಬೈಲನ್ನು ಕಿವಿಗಿಟ್ಟುಕೊಂಡೇ ಕಾಯುತ್ತಿದ್ದಳು. ಪಕ್ಕದಲ್ಲಿ ರಂಗಣ್ಣ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

ಕೇಂದ್ರದ ಫೋನಿನಿಂದ ಮಾಡಿದೆ. ಗಂಟೆ ಹೊಡೆಯಿತು, ಎತ್ತಿದಳು. ನನ್ನ ಬಾಯಿಗೆ ರೂಢಿಯ ಪ್ರಕಾರ ಗಿರಣಿಯೇ ಬಂತು. ತಡೆದುಕೊಂಡೆ.

"ಯಾರ್ರಿ ಮಾತಾಡೂದು?" ಅಂದಳು, ಗೊತ್ತಿಲ್ಲದವಳಂತೆ.

"ಮಹಿಳಾ ಸಹಾಯ ಕೇಂದ್ರದಿಂದ ಮಾತಾಡ್ತಾ ಇದೀನಿ, ಗಂಗವ್ವ."

"ಕೇಳ್ಸವಲ್ದರಿ. ಗಿರಣಿ ಸಪ್ಪಳ ಭಾಳ ಐತಿ. ಜೋರಾಗಿ ಹೇಳ್ರಿ."

ನಾನು ಕಿಟಕಿಯ ಹತ್ತಿರ ಹೋಗಿ ಇಡೀ ಬೀದಿಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ.